ರೋಗದ ದಾರಿ ಕಾಯುತ್ತಿದ್ದ ಸರ್

ಮೊನ್ನೆ ಬೈಲಹೊಂಗಲದ ಹೊರಗೆ ಗೆಳೆಯರೊಬ್ಬರ ಹೊಲಕ್ಕೆ ಹೋಗಿದ್ದೆ. ಗೋಧಿ ತೆನೆ ಬಿಚ್ಚಿ ನಿಂತಿತ್ತು. ಒಂದು ಎಲೆಯ ಮೇಲೆ ಕಿತ್ತಳೆ ಬಣ್ಣದ ಪುಡಿ ಕಂಡಿತು. ಕಂಡದ್ದೇ ತಡ, "ಆಹಾ, ಬಂತು!" ಎಂದು ಕೂಗಿಬಿಟ್ಟೆ. ಹೊಲದ ಒಡೆಯರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ಕಂಡ ಮೇಲೆ ಹವೆಯ ಬಗ್ಗೆ ಏನೋ ಮಾತು ತೆಗೆದೆ. ಪ್ರಯೋಜನವಾಗಲಿಲ್ಲ. ಅಂದಿನಿಂದ ಅವರ ಮನೆಯ ಚಹಾ ನನಗೆ ನಿಂತಿದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಬೆಳೆಯ ರೋಗ ನೋಡಿ ಹಿಗ್ಗುವ ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ, ಪಕ್ಕದ ಮನೆಯ ಸರ್ ಹತ್ತಿಸಿದ್ದು. ಅವರು ಊರ ಹೊರಗಿನ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಗೋಧಿಯ ರೋಗಗಳನ್ನು ಓದುತ್ತಿದ್ದ ವಿಜ್ಞಾನಿ. ತೀರಿಕೊಂಡು ಒಂದು ಗೋಧಿ ಹಂಗಾಮು ಕಳೆಯಿತು. ಇರುವಾಗ ಅವರ ಮೇಲೆ ನನಗೆ ದಿನಕ್ಕೊಮ್ಮೆಯಾದರೂ ಸಿಟ್ಟು ಬರುತ್ತಿತ್ತು. ಈಗ ಸಿಟ್ಟು ಮಾಡಲು ಯಾರೂ ಇಲ್ಲದೆ ಸಂಜೆಗಳು ಸಪ್ಪಗಾಗಿವೆ.

ಸರ್‌ಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ನನ್ನ ಹತ್ತಿರ ಬೈಕು ಇತ್ತು. ನಮ್ಮ ಸ್ನೇಹದ ಬುನಾದಿ ಇಷ್ಟೇ. ಗೋಧಿಯ ಕಾಲ ಬಂತೆಂದರೆ ಭಾನುವಾರ ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ದನಿ ಬರುತ್ತಿತ್ತು: "ಮಾಸ್ತರ, ಕಿತ್ತೂರ ಕಡೆ ಹೋಗೂಣೇನ್ರಿ? ಗಾಳಿ ಛಲೋ ಐತಿ." ಗಾಳಿ ಛಲೋ ಇದ್ದದ್ದು ನಮಗಲ್ಲ, ರೋಗಕ್ಕೆ.

ಆ ರೋಗದ ಹೆಸರು ಪುಸ್ತಕದಲ್ಲಿ ತುಕ್ಕು ರೋಗ. ನಮ್ಮ ಕಡೆ ರೈತರು ಭಂಡಾರ ರೋಗ ಅನ್ನುತ್ತಾರೆ, ಎಲೆ ಮುಟ್ಟಿದರೆ ಜಾತ್ರೆಯಲ್ಲಿ ಎರಚುವ ಅರಿಶಿನದ ಭಂಡಾರದ ಹಾಗೆ ಪುಡಿ ಕೈಗೆ ಹತ್ತುತ್ತದೆ. ಅದು ಗಾಳಿಯಲ್ಲಿ ಬರುವ ಒಂದು ಶಿಲೀಂಧ್ರ. ಅದನ್ನು ಹುಡುಕಲು ಸರ್‌ಗೆ ಒಂದು ಪದ್ಧತಿ ಇತ್ತು. ಬಿಳಿ ಪೈಜಾಮ ತೊಟ್ಟು ಗೋಧಿಯ ಸಾಲಿನೊಳಗೆ ಈ ಬದುವಿನಿಂದ ಆ ಬದುವಿಗೆ ನಡೆಯುವುದು. ರೋಗವಿದ್ದರೆ ಮೊಣಕಾಲಿನ ಹತ್ತಿರ ಬಟ್ಟೆ ಕಿತ್ತಳೆಯಾಗುತ್ತದೆ. ಇದು ಸರಿಯಾದ ಪದ್ಧತಿಯೇ ಅಂತೆ. ಆದರೆ ಸರ್ ಅದಕ್ಕೆ ತಮ್ಮದೊಂದು ಮೂಢನಂಬಿಕೆ ಸೇರಿಸಿದ್ದರು. ಹೊಲದಲ್ಲಿ ನಿಂತು ಪೈಜಾಮ ನೋಡಿಕೊಳ್ಳಬಾರದು, ನೋಡಿದರೆ ರೋಗ ಬರುವುದಿಲ್ಲ. ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು, ಹೆಂಡತಿಯನ್ನು ಕರೆದು, ಆಮೇಲೇ ನೋಡಬೇಕು. ಅಷ್ಟು ದೂರ ಅವರು ಮುಗಿಲು ನೋಡುತ್ತ ಬೈಕಿನ ಹಿಂದೆ ಕುಳಿತಿರುತ್ತಿದ್ದರು. ಎದುರಿಗೆ ಬಂದವರು ಕುತ್ತಿಗೆ ಹಿಡಿದಿದೆಯೇನೋ ಅಂದುಕೊಳ್ಳುತ್ತಿದ್ದರು.

ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅದರಿಂದ ನೋಡದ ವಸ್ತುವಿಲ್ಲ. ಒಮ್ಮೆ ದೇಗಾಂವದ ಕಮಲನಾರಾಯಣ ಗುಡಿಗೆ ಕರೆದುಕೊಂಡು ಹೋದೆ. ಕಲ್ಲಿನಲ್ಲಿ ಅರಳಿದ ಕಮಲಗಳನ್ನು ನೋಡಿ ನನ್ನ ಎದೆ ತುಂಬಿ ಬಂದಿತ್ತು. ಪಕ್ಕದಲ್ಲಿ ಸರ್ ಮೊಣಕಾಲೂರಿ ಗೋಡೆಗೆ ಕಣ್ಣು ಹಚ್ಚಿದ್ದರು. ಅಲ್ಲಿದ್ದ ಅಜ್ಜನೊಬ್ಬ ಇವರ ಭಕ್ತಿಗೆ ಮೆಚ್ಚಿ ಒಂದು ಹೂವು ಕೊಟ್ಟ. ಸರ್ ಅದನ್ನು ತಿರುವಿ ಹಿಂಬದಿಯಲ್ಲಿ ಕಲೆ ಇದೆಯೇ ನೋಡಿ ಕಿವಿಗೆ ಇಟ್ಟುಕೊಂಡರು. "ಏನ್ ನೋಡಿದ್ರಿ ಸರ್?" ಎಂದೆ. "ಕಲ್ಲಿನ ಮ್ಯಾಲೂ ಬುರುಸು ಬಂದೈತ್ರಿ ಮಾಸ್ತರ! ಏನ್ ಧೈರ್ಯ ಅಂತೇನಿ ಅದರದು!" ಎಂದರು. ಬುರುಸು ಅಂದರೆ ಬೂಷ್ಟು, ಅದೂ ಶಿಲೀಂಧ್ರವೇ. ಕಮಲ ಕಂಡಿರಲೇ ಇಲ್ಲ.

ಗಿಡಕ್ಕೆ ಕಣ್ಣಿಲ್ಲ, ಮೂಗಿಲ್ಲ. ಮೈಮೇಲೆ ಬಂದ ಶಿಲೀಂಧ್ರವನ್ನು ಅದು ಹೇಗೆ ಗುರುತು ಹಿಡಿಯುತ್ತದೆ ಎಂಬುದು ಸರ್ ಅವರ ಜೀವಮಾನದ ಪ್ರಶ್ನೆ. ನನಗೆ ಅದನ್ನು ಅವರು ತಮ್ಮ ಅಡುಗೆಮನೆಯಲ್ಲೇ ತಿಳಿಸಿಕೊಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಶೇಂಗಾ ಉಂಡಿಯ ಡಬ್ಬಿಯನ್ನು ಗೋಡೆಯ ಮೇಲಿನ ಮಾಡದಲ್ಲಿ ಇಡುತ್ತಿದ್ದರು. ಸರ್ ಕದ್ದು ತಿನ್ನುತ್ತಿದ್ದರು. ವೈನಿ ಹಿತ್ತಲಲ್ಲಿ ಬಟ್ಟೆ ಒಗೆದು ಒಳಗೆ ಬಂದವರೇ, ಗಂಡನ ಕಡೆ ತಿರುಗಿಯೂ ನೋಡದೆ, "ಎಷ್ಟ್ ತಿಂದ್ರಿ?" ಎನ್ನುತ್ತಿದ್ದರು.

"ಈಕಿ ನನ್ನ ಮಾರಿ ನೋಡಂಗಿಲ್ರಿ ಮಾಸ್ತರ," ಎಂದು ಸರ್ ಹೆಮ್ಮೆಯಿಂದ ಹೇಳುತ್ತಿದ್ದರು. "ಡಬ್ಬಿ ಮುಚ್ಚಳ ನೋಡ್ತಾಳ. ಮುಚ್ಚಳಾ ಸ್ವಲ್ಪ ವಾರಿ ಆಗಿದ್ರ ಕಳ್ಳ ಬಂದಾನ ಅಂತ ಲೆಕ್ಕ. ಗಿಡದ ಕಾವಲಿನ ಪ್ರೋಟೀನೂ ಹಿಂಗ ನೋಡ್ರಿ. ಬುರುಸು ಎಲಿಯೊಳಗ ಹೊಕ್ಕು, ಜೀವಕೋಶದಾಗ ತನ್ನ ಹತ್ಯಾರ ಬಿಡತೈತಿ. ಅವೂ ಸಣ್ಣ ಸಣ್ಣ ಪ್ರೋಟೀನ. ಗಿಡದ ಬಾಯಿ ಮುಚ್ಚಿಸಿ ಉಣ್ಣಾಕ ಬೇಕಲ್ಲ! ಕೆಲವು ಕಾವಲಿನವು ಆ ಹತ್ಯಾರನ್ನ ನೇರ ಹಿಡೀತಾವು. ಕೆಲವು ನಿಮ್ಮ ವೈನಿ ಇದ್ದಂಗ, ಮನ್ಯಾಗಿನ ಯಾವ ಸಾಮಾನ ಅಲುಗ್ಯಾಡೈತಿ ಅನ್ನೂದಷ್ಟ ನೋಡ್ತಾವು. ಗುರ್ತು ಹಿಡಿಯೂದು ಕಣ್ಣಿನ ಕೆಲಸಲ್ಲ ಮಾಸ್ತರ, ಮನಿ ಗೊತ್ತಿದ್ದವರ ಕೆಲಸ."

ಆಮೇಲೆ ವೈನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾಡದ ತುದಿಯಲ್ಲಿ ಒಂದು ಖಾಲಿ ಸ್ಟೀಲ್ ಡಬ್ಬಿಯನ್ನು ಸಡಿಲ ಮುಚ್ಚಳ ಹಾಕಿ ಇಟ್ಟರು. ಸರ್ ಕೈ ಹಾಕಿದರು. ಮುಚ್ಚಳ ಢಣ್ ಎಂದು ಬಿದ್ದು ಬಚ್ಚಲವರೆಗೂ ಉರುಳಿತು. ಸಿಕ್ಕಿಬಿದ್ದವರು ನಾಚಿಕೊಳ್ಳಬೇಕೋ ಬೇಡವೋ? ಸರ್ ನಮ್ಮ ಮನೆಗೆ ಓಡಿ ಬಂದರು. "ಇದೂ ಐತ್ರಿ ಗಿಡದಾಗ! ಕಳ್ಳ ಮುಟ್ಲಿ ಅಂತನ ಸುಳ್ಳ ಡಬ್ಬಿ ಇಟ್ಟಿರತಾವು! ನಮ್ಮಾಕಿ ಏನೂ ಓದದ ಇದನ್ನ ಮಾಡ್ಯಾಳ!" ಹಿಂದಿನಿಂದ ವೈನಿಯ ದನಿ ಬಂತು: "ಬಿ.ಎಸ್ಸಿ ಓದೇನಿ ನಾ."

ಸೋತು ಸುಮ್ಮನಾಗುವ ಕಳ್ಳನಲ್ಲ ಅವರು. ಕಾವಲು ಬಿಗಿಯಾದರೆ ಶಿಲೀಂಧ್ರ ತನ್ನ ಹತ್ಯಾರ ಬದಲಿಸುತ್ತದೆ, ಹೊಸ ಹತ್ಯಾರದ ಗುರುತು ಕಾವಲಿಗೆ ಸಿಗುವುದಿಲ್ಲ, ಆಗ ಗಟ್ಟಿ ತಳಿಯೂ ರೋಗಕ್ಕೆ ಬೀಳುತ್ತದೆ ಎಂದು ವಿವರಿಸಿದರು. ವಿವರಿಸಿ, ನನ್ನನ್ನೇ ಹೊಸ ಹತ್ಯಾರ ಮಾಡಿದರು. ನನಗೆ ವೈನಿ ಉಂಡಿಯನ್ನು ತಾವೇ ಕೊಡುತ್ತಿದ್ದರು. ನಾನು ಒಂದು ತಿಂದು ಒಂದು ಜೇಬಿಗೆ ಇಳಿಸಬೇಕು, ಕಾಂಪೌಂಡಿನ ಆಚೆ ಸರ್‌ಗೆ ದಾಟಿಸಬೇಕು. ಒಂದು ದಿನ ಪಾಠ ಮಾಡುತ್ತಿದ್ದಾಗ ನನ್ನ ಅಂಗಿಯ ಜೇಬಿಗೆ ಇರುವೆಯ ಸಾಲು ಹತ್ತಿತು. ಮನೆಗೆ ಬಂದಾಗ ವೈನಿ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಸುದ್ದಿ ಯಾರು ಮುಟ್ಟಿಸಿದರೋ ಇಂದಿಗೂ ತಿಳಿದಿಲ್ಲ.

ಈ ಉಂಡಿಯ ಕಥೆಯನ್ನು ಸರ್ ರೈತರ ತರಬೇತಿಗಳಲ್ಲೂ ಹೇಳುತ್ತಿದ್ದರು. ರೈತರು ಬಹಳ ಆಸಕ್ತಿಯಿಂದ ಕೇಳಿ, ಕೊನೆಗೆ ಉಂಡಿಗೆ ಬೆಲ್ಲ ಎಷ್ಟು ಹಾಕಬೇಕೆಂದು ಕೇಳುತ್ತಿದ್ದರು.

ಸರ್ ಅವರ ನಿಜವಾದ ಚಿಂತೆ ಒಂದೇ. ವರ್ಷಾನುವರ್ಷ ಆರಿಸಿ ಆರಿಸಿ ಅವರು ಒಂದು ಗೋಧಿ ತಳಿ ಬೆಳೆಸಿದ್ದರು. ಅದಕ್ಕೆ ಹೆಸರಿಟ್ಟಿರಲಿಲ್ಲ, "ಆಕಿ" ಎನ್ನುತ್ತಿದ್ದರು. "ಆಕಿ ಇವತ್ತ ತೆನಿ ಬಿಚ್ಯಾಳ," "ಆಕಿಗೆ ಬಿಸಲ ತಡ್ಯಾಂಗಿಲ್ಲ." ಹೊಸದಾಗಿ ಓಣಿಗೆ ಬಂದವರು ವೈನಿಯನ್ನು ಕನಿಕರದಿಂದ ನೋಡುತ್ತಿದ್ದರು. ವೈನಿ ತಾವೇ ಸಮಾಧಾನ ಹೇಳಬೇಕಾಗುತ್ತಿತ್ತು: "ಆಕಿ ಬ್ಯಾರೆ ರೀ. ಹೊಲದಾಗ ಇರತಾಳ."

ಆಕಿಯೊಳಗೆ ಭಂಡಾರ ರೋಗವನ್ನು ಗುರುತು ಹಿಡಿಯುವ ಕಾವಲಿದೆ ಎಂದು ಸರ್ ನಂಬಿದ್ದರು. ಆದರೆ ಕಳ್ಳ ಬಾರದೆ ಕಾವಲುಗಾರನ ಪರೀಕ್ಷೆ ಹೇಗೆ? ಕೇಂದ್ರದ ಹೊಲಕ್ಕೆ ಕೆಲವು ವರ್ಷಗಳಿಂದ ರೋಗವೇ ಬಂದಿರಲಿಲ್ಲ. ರೋಗವನ್ನು ಕರೆಯಲು ಸರ್ ಆಕಿಯ ಸುತ್ತ ಬೇಗ ರೋಗಕ್ಕೆ ಬೀಳುವ ಹಳೆಯ ತಳಿಯ ಸಾಲು ಹಾಕಿದ್ದರು. ಆ ಸಾಲುಗಳು ಹಾಳಾಗುವುದಿರಲಿ, ಹಸಿರಾಗಿ ಹುಲುಸಾಗಿ ನಗುತ್ತಿದ್ದವು. ಬೇರೆ ಊರಿನ ಕೇಂದ್ರದಿಂದ ರೋಗದ ಪುಡಿ ತರಿಸಬಾರದೇ ಎಂದು ಕೇಳಿದೆ. "ಬ್ಯಾರೆ ಊರಿನ ಕಳ್ಳನ ಹತ್ಯಾರ ಬ್ಯಾರೆ ಇರಬಹುದು. ನಮ್ಮ ಮಲಪ್ರಭಾದ ದಂಡಿ ಮ್ಯಾಲಿನ ಕಳ್ಳನ್ನ ಆಕಿ ಹಿಡಿತಾಳೋ ಇಲ್ಲೋ, ಅದನ್ನ ನೋಡಬೇಕು," ಎಂದರು. ಅದು ಅವರ ಸರ್ವಿಸಿನ ಕೊನೆಯ ಹಂಗಾಮು, ಫೆಬ್ರವರಿಯ ಕೊನೆಗೆ ನಿವೃತ್ತಿ. ಮುಂದಿನ ಹಂಗಾಮಿಗೆ ಆ ತುಂಡು ಹೊಲದಲ್ಲಿ ಕಡಲೆ ಹಾಕುವುದೆಂದು ಕೇಂದ್ರದ ಮುಖ್ಯಸ್ಥರು ಆಗಲೇ ತೀರ್ಮಾನಿಸಿದ್ದರು. ಪರೀಕ್ಷೆಯಾಗದ ತಳಿಯ ಬೀಜವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ನಾಲ್ಕು ತಾಲ್ಲೂಕಿನ ರೈತರು ಬೆಳೆ ಆರಾಮಿರಲಿ ಎಂದು ಬೇಡುತ್ತಿದ್ದಾಗ, ನಾವಿಬ್ಬರು ಎಲ್ಲಾದರೂ ಒಂದಿಷ್ಟು ರೋಗ ಸಿಗಲಪ್ಪಾ ಎಂದು ಊರೂರು ತಿರುಗಿದೆವು.

ಜನವರಿಯ ಬನದ ಹುಣ್ಣಿಮೆಯ ಹೊತ್ತು. ಸವದತ್ತಿಯ ಹತ್ತಿರ ಒಂದು ಹೊಲದಲ್ಲಿ ಸರ್ ಪೈಜಾಮ ನಡಿಗೆ ಮುಗಿಸಿದರು. ಬರುವಾಗ ನನ್ನ ಬೈಕು ಪಂಕ್ಚರ್ ಆಯಿತು. ನಾನು ಅಲ್ಲೇ ಉಳಿದು, ಸರ್ ಅವರನ್ನು ದೇವಿಯ ಜಾತ್ರೆ ಮುಗಿಸಿ ಗುಡ್ಡದಿಂದ ಇಳಿದು ಬರುತ್ತಿದ್ದ ಮಂದಿಯ ಟೆಂಪೋದಲ್ಲಿ ಕೂರಿಸಿ ಕಳಿಸಿದೆ. ಅದರಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಪೈಜಾಮ ನೋಡಬಾರದು ಎಂಬ ವ್ರತದಲ್ಲಿದ್ದ ಸರ್ ಟೆಂಪೋದ ತಗಡು ನೋಡುತ್ತ ಬೈಲಹೊಂಗಲ ಮುಟ್ಟಿದರು.

ನಾನು ಸಂಜೆ ಹೊತ್ತಿಗೆ ಬಂದೆ. ಸರ್ ಮನೆಯಲ್ಲಿರಲಿಲ್ಲ. ಕೇಂದ್ರದ ಹೊಲದಲ್ಲಿ ಲುಂಗಿ ಉಟ್ಟು, ಪೈಜಾಮವನ್ನು ಎರಡೂ ಕೈಯಲ್ಲಿ ಹಿಡಿದು, ಗೋಧಿಯ ಮೇಲೆ ಜಾಡಿಸುತ್ತಿದ್ದರು. "ಬಂತ್ರಿ ಮಾಸ್ತರ! ಮೊಣಕಾಲ ತನಕ ಬಂತು! ಇಷ್ಟು ರೋಗಾ ನನ್ನ ಸರ್ವಿಸ್‌ನ್ಯಾಗ ನೋಡಿಲ್ಲ!" ಎಂದು ಕುಣಿದರು. ಅವರ ಸಂತೋಷ ನೋಡಿ ನಾನೂ ಒಂದು ಕಾಲು ಹಿಡಿದು ಜಾಡಿಸಿದೆ. ರೋಗ ಮೊಳೆಯಲು ಇಬ್ಬನಿಯಂಥ ತೇವ ಬೇಕೆಂದು ನೀರು ಸಿಂಪಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗೆದ್ದವರಂತೆ ಮನೆಗೆ ಬಂದೆವು. ಸೂಕ್ಷ್ಮದರ್ಶಕದಲ್ಲಿ ಮರುದಿನ ನೋಡಿದರಾಯಿತು ಎಂದು ಸರ್ ಆರಾಮಾಗಿ ಊಟಕ್ಕೆ ಕುಳಿತರು.

ಅಷ್ಟರಲ್ಲಿ ಬಚ್ಚಲಿನಿಂದ ವೈನಿ ಪೈಜಾಮ ಹಿಡಿದು ಬಂದರು. ಅದು ಕುಂಕುಮದಂತೆ ಕೆಂಪಾಗಿತ್ತು.

"ಏನ್ರಿ, ನಿಮ್ಮ ರೋಗಕ್ಕ ಸಬಕಾರ ಹಚ್ಚಿದ್ರ ಕೆಂಪ್ ಆಗತೈತೇನು?"

ಸರ್ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಾಬೂನು ಹತ್ತಿದರೆ ಕೆಂಪಾಗುವುದು ಅರಿಶಿನ. ಹೊಲದಲ್ಲಿ ಒಂದು ಕಣ ರೋಗವೂ ಹತ್ತಿರಲಿಲ್ಲ, ಹತ್ತಿದ್ದೆಲ್ಲ ಟೆಂಪೋದಲ್ಲಿ, ಭಂಡಾರ ಎರಚಿಕೊಂಡು ಬಂದಿದ್ದ ಭಕ್ತರ ಮೈಯಿಂದ. ನಾವಿಬ್ಬರೂ ಸೇರಿ ಗೋಧಿಗೆ ಅರಿಶಿನ ಹಚ್ಚಿ, ನೀರು ಹಾಕಿ, ಹೊದಿಕೆ ಹೊದಿಸಿ ಬಂದಿದ್ದೆವು. "ಮದವಿ ಹೆಣ್ಣಿಗೆ ಮಾಡಿದಂಗ ಎಲ್ಲಾ ಮಾಡೀರಿ," ಎಂದರು ವೈನಿ. "ಇನ್ನ ಆಕಿಗೊಂದು ವರಾ ನೋಡ್ರಿ." ನಾನು ನಕ್ಕು ನಕ್ಕು ಗೋಡೆ ಹಿಡಿದೆ. ಸರ್ ನಗಲಿಲ್ಲ. ತಟ್ಟೆ ಸರಿಸಿ ಎದ್ದು ಹೋದರು. ಅವರು ಊಟ ಬಿಟ್ಟು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ನಗೆಯೂ ನಿಂತಿತು. ಹಂಗಾಮು ಮುಗಿಯುತ್ತ ಬಂದಿತ್ತು.

ಉಳಿದದ್ದು ಒಂದೇ ದಾರಿ, ರಾಮದುರ್ಗದ ಹತ್ತಿರ ಹೊಳೆಯ ದಂಡೆಯಲ್ಲಿ ಗೋಧಿ ಬೆಳೆಯುವ ಇಮಾಮಸಾಬ. ಆತನ ಹೊಲಕ್ಕೆ ಹಿಂದಿನ ವರ್ಷ ರೋಗ ಬಂದಿತ್ತು. ಆದರೆ ಆಗ ಒಂದು ಅನಾಹುತವಾಗಿತ್ತು. "ಸಾಹೇಬ್ರ, ಗೋಧಿಗೆ ಭಂಡಾರ ಬಿದ್ದೈತ್ರಿ," ಎಂದು ಆತ ಅಳುಮುಖ ಮಾಡಿ ಹೇಳಿದಾಗ ಸರ್, "ಖರೇನ? ಭಾಳ ಛಲೋ ಆತು!" ಎಂದು ಆತನ ಕೈ ಹಿಡಿದು ಕುಲುಕಿದ್ದರು. ಇಮಾಮಸಾಬ ನನ್ನ ಕಡೆ ತಿರುಗಿ, "ಇವರು ಯಾರ ಕಡೆಯವರ್ರೀ ಮಾಸ್ತರ್ರ? ನಮ್ಮ ಕಡೆಯವರೋ, ರೋಗದ ಕಡೆಯವರೋ?" ಎಂದು ಕೇಳಿದ್ದ. ಸರ್ ಆಮೇಲೆ ಯಾವ ಔಷಧ ಹೊಡೆಯಬೇಕೆಂದು ಹೇಳಿದರು, ಎಲ್ಲಿ ಸಿಗುತ್ತದೆಂದೂ ಹೇಳಿದರು. ಆದರೆ ಆ ಕೈ ಕುಲುಕಿದ್ದು ಆತನ ಮನಸ್ಸಿನಿಂದ ಹೋಗಿರಲಿಲ್ಲ. ಅಂದು ತಂದ ಎಲೆಗಳೂ ಕೆಲಸಕ್ಕೆ ಬರಲಿಲ್ಲ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದು ಹೋಗಿದ್ದವು.

ಈ ಸಲ ನಾವು ಹೋದಾಗ ಇಮಾಮಸಾಬ ಬದುವಿನ ಮೇಲೆ ಅಡ್ಡ ನಿಂತ. "ಎಲ್ಲಾ ಆರಾಮ ಐತ್ರಿ ಸಾಹೇಬ್ರ. ರೋಗಾ ಇಲ್ಲ, ಏನೂ ಇಲ್ಲ. ನೀರ ಬಿಟ್ಟೇನಿ, ಒಳಗ ಹೋಗಬ್ಯಾಡ್ರಿ, ಕಾಲು ಹುಗೀತಾವು." ಸರ್ ಆತನ ಮುಖವನ್ನೇ ನೋಡಿದರು. ಆಮೇಲೆ, "ಆರಾಮ ಐತೇನ್ರಿ... ಇರ್ಲಿ, ಇರ್ಲಿ. ದೇವರು ಹಿಂಗ ಇಟ್ಟಿರ್ಲಿ," ಎಂದು ಸಣ್ಣ ದನಿಯಲ್ಲಿ ಹೇಳಿ ತಿರುಗಿ ನಡೆದರು. ಅಂದು ಬೈಕಿನ ಮೇಲೆ ಅವರು ಮುಗಿಲು ನೋಡಲಿಲ್ಲ. ಪೈಜಾಮ ನೋಡಿಕೊಳ್ಳುತ್ತ ಬಂದರು, ಸ್ವಚ್ಛ ಬಿಳಿ.

ಎರಡು ದಿನ ಬಿಟ್ಟು ಬೆಳಿಗ್ಗೆ ಇಮಾಮಸಾಬ ಸರ್ ಅವರ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒದ್ದೆ ಟವಲಿನ ಗಂಟು.

"ನನ್ನ ಬೆಳಿ ಛಲೋ ಐತಿ ಅಂದಿದ್ದಕ್ಕ ಅಷ್ಟ ದುಃಖ ಪಟ್ಟ ಮನಷ್ಯಾನ್ನ ನಾ ಎಲ್ಲೂ ನೋಡಿಲ್ರಿ," ಎಂದ. "ಮನೀಗೆ ಹೋದ್ರ ರೊಟ್ಟಿ ಸೇರಲಿಲ್ಲ. ಸುಳ್ಳ ಹೇಳಿದ್ದೆ ಸಾಹೇಬ್ರ. ಅರ್ಧಾ ಹೊಲಾ ಹೋಗೈತಿ." ಗಂಟು ಬಿಚ್ಚಿದ. ಕಿತ್ತಳೆ ಬಣ್ಣಕ್ಕೆ ತಿರುಗಿದ ಗೋಧಿಯ ಎಲೆಗಳು. "ನನ್ನ ಹೊಲಾ ತಿಂದ ಕಳ್ಳನ್ನ ತಂದೇನಿ. ನಿಮ್ಮಾಕಿ ಹಿಡಿತಾಳೇನು ನೋಡ್ರಿ. ಯಾರರ ಒಬ್ಬರು ಇವನ್ನ ಹಿಡಿಯೂದು ನನ್ನ ಕಣ್ಣಿಲೆ ನೋಡಬೇಕಾಗೇತಿ."

ಸರ್ ಬಾಯಿ ತೆರೆದರು. ಏನು ಬರಲಿದೆ ಎಂದು ನನಗೂ ವೈನಿಗೂ ಒಟ್ಟಿಗೇ ಗೊತ್ತಾಯಿತು. ವೈನಿ ನಡುವೆ ಬಂದು, "ಚಹಾ ಕುಡೀರಿ ಭಾವಾರ, ಒಳಗ ಬರ್ರಿ," ಎಂದು ಆತನನ್ನು ಕರೆದುಕೊಂಡು ಹೋಗಿಬಿಟ್ಟರು. ಸರ್ ಅಂಗಳದಲ್ಲಿ ಎಲೆಗಳ ಮುಂದೆ ಒಬ್ಬರೇ ಪಿಸುಗುಟ್ಟಿದರು, "ಭಾಳ ಛಲೋ ಆತು."

ಈ ಸಲ ಮೊದಲು ಸೂಕ್ಷ್ಮದರ್ಶಕ, ಆಮೇಲೆ ಹೊಲ. ಪುಡಿಯನ್ನು ನೀರಿಗೆ ಕಲಸಿ ಇಳಿಹೊತ್ತಿನಲ್ಲಿ ಆಕಿಗೂ ಸುತ್ತಲಿನ ಹಳೆಯ ತಳಿಗೂ ಸಿಂಪಡಿಸಿ ಹೊದಿಕೆ ಹಾಕಿದರು. ಆಮೇಲಿನ ದಿನಗಳಲ್ಲಿ ಸರ್ ನಮ್ಮ ಯಾರ ಕೈಗೂ ಸಿಗಲಿಲ್ಲ. ಮೊದಲು ಹಳೆಯ ತಳಿಯ ಮೇಲೆ ಮಚ್ಚೆ ಕಂಡವು. ಆಮೇಲೆ ಅವು ಒಡೆದು ಕಿತ್ತಳೆ ಪುಡಿ ಸುರಿಯತೊಡಗಿತು. ಆಕಿಯ ಮೇಲೆ ಏನು ಕಂಡಿತು ಎಂದು ಕೇಳಿದರೆ ಸರ್ "ಇನ್ನೂ ಒಂದೆರಡ ದಿನಾ ನೋಡಬೇಕ್ರಿ," ಎನ್ನುತ್ತಿದ್ದರು. ಊಟದಲ್ಲಿ ಉಂಡಿ ಕೊಟ್ಟರೂ ಬೇಡ ಅಂದರಂತೆ. ವೈನಿಗೆ ದಿಗಿಲಾಯಿತು.

ಬೀಳ್ಕೊಡುಗೆಯ ದಿನ ಬಂತು. ಕೇಂದ್ರದ ಸಭಾಭವನದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಸಜ್ಜಾಗಿತ್ತು. ಸನ್ಮಾನ ಮಾಡಿಸಿಕೊಳ್ಳಬೇಕಾದವರು ಮಾತ್ರ ಇರಲಿಲ್ಲ. ಹುಡುಕಬೇಕಾದ ಜಾಗ ನಮಗೆ ಗೊತ್ತಿತ್ತು. ರಾಮದುರ್ಗದಿಂದ ಬಂದಿದ್ದ ಇಮಾಮಸಾಬನನ್ನೂ ವೈನಿಯನ್ನೂ ಕರೆದುಕೊಂಡು ಹೊಲಕ್ಕೆ ಹೋದೆ. ಸರ್ ಇಸ್ತ್ರಿ ಮಾಡಿದ ಹೊಸ ಬಟ್ಟೆಯಲ್ಲೇ ಮಣ್ಣಿನ ಮೇಲೆ ಅಂಗಾತ ಮಲಗಿ, ಆಕಿಯ ಎಲೆಯ ತಳಭಾಗವನ್ನು ನೋಡುತ್ತಿದ್ದರು.

ಸುತ್ತಲಿನ ಸಾಲುಗಳೆಲ್ಲ ಕಿತ್ತಳೆ. ನಡುವೆ ಆಕಿ ಹಸಿರಾಗಿ ನಿಂತಿದ್ದಳು. ಆದರೆ ಹತ್ತಿರ ಹೋದಾಗ ಎಲೆಯ ಮೇಲೆ ಅಲ್ಲಲ್ಲಿ ಸೂಜಿಮೊನೆಯಷ್ಟು ಒಣಗಿದ ಚುಕ್ಕಿಗಳಿದ್ದವು. "ಅಯ್ಯ, ಆಕಿಗೂ ಬಂತಲ್ಲ ಸರ್," ಎಂದೆ. ವೈನಿ ಸರ್ ಅವರ ಹತ್ತಿರ ಕುಳಿತು ಭುಜದ ಮೇಲೆ ಕೈ ಇಟ್ಟರು.

ಸರ್ ಎದ್ದು ಕುಳಿತರು. ಮುಖವೆಲ್ಲ ಮಣ್ಣು, ಅದರ ನಡುವೆ ಹಲ್ಲು.

"ಬಂದಿಲ್ರಿ! ಹಿಡದಾಳ! ಪುಡಿ ಎಲ್ಲೈತಿ ತೋರಸ್ರಿ, ಒಂದರ ಚುಕ್ಯಾಗ ಪುಡಿ ಐತೇನು? ಇಲ್ಲಿ ಕಳ್ಳ ಒಳಗ ಬಂದ, ಹತ್ಯಾರಾ ಬಿಟ್ಟ. ಕಾವಲಿನ ಪ್ರೋಟೀನು ಗುರ್ತು ಹಿಡದು ಬೊಬ್ಬಿ ಹಾಕ್ತು. ಹಾಕಿದ ಕೂಡಲೆ ಅಲ್ಲಿದ್ದ ಜೀವಕೋಶ ತಾವ ಸತ್ತುಬಿಟ್ಟಾವು. ಈ ಬುರುಸಿಗೆ ಜೀವಂತ ಇದ್ದದ್ದ ಬೇಕ್ರಿ ಉಣ್ಣಾಕ, ಸತ್ತದ್ದು ನಡ್ಯಾಂಗಿಲ್ಲ. ಉಪಾಸ ಬಿದ್ದು ಅದೂ ಅಲ್ಲೇ ಹೋತು. ಹತ್ತಿರದವು ಸತ್ತು ಉಳಿದ ಎಲಿ ಉಳಿಸ್ಯಾವು!"

ಇಮಾಮಸಾಬ ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದ. "ಈ ಒಂದೊಂದು ಚುಕ್ಕಿನೂ ಸತ್ತಾವೇನ್ರಿ?"

"ಹೌದ್ರಿ."

"ಯಾರೂ ಕೊಂದಿಲ್ಲ? ತಾವ?"

"ತಾವ."

ಇಮಾಮಸಾಬ ಕಿತ್ತಳೆಯಾಗಿ ನಿಂತ ಸಾಲುಗಳನ್ನು ನೋಡಿದ. ಆಮೇಲೆ ಚಪ್ಪಲಿ ಕಳಚಿ ಬದುವಿನ ಆಚೆ ಇಟ್ಟ. "ಹಂಗಾರ ಹಂಗ ಎದ್ದು ಹೋಗಾಕ ಬರೂದಿಲ್ರಿ ಸಾಹೇಬ್ರ," ಎಂದು ಟವಲನ್ನು ತಲೆಗೆ ಹಾಕಿಕೊಂಡು, ಗೋಧಿಯ ಮುಂದೆ ಎರಡೂ ಅಂಗೈ ಬಿಚ್ಚಿ ಹಿಡಿದು, ಮನಸ್ಸಿನಲ್ಲೇ ಏನೋ ಪ್ರಾರ್ಥಿಸತೊಡಗಿದ.

ಒಂದು ಕ್ಷಣ ನನಗೆ ನಗೆ ಬಂತು. ಸರ್ ಮುಖ ನೋಡಿದೆ, ನಗೆ ಒಳಗೇ ಉಳಿಯಿತು. ಜೀವಮಾನವೆಲ್ಲ ಆ ಚುಕ್ಕಿಗಳ ಗಾತ್ರ ಅಳೆದವರು, ಅಂಥ ಒಂದು ಚುಕ್ಕಿಗಾಗಿ ಇಡೀ ಹಂಗಾಮು ಅಲೆದವರು, ಅವು ಸತ್ತಿವೆ ಎಂಬುದನ್ನು ಅಂದೇ ಮೊದಲು ಕೇಳಿದವರಂತೆ ಕುಳಿತಿದ್ದರು. ನಿಧಾನವಾಗಿ ಕೈ ಮುಗಿದರು. ವೈನಿ ಸೆರಗು ತಲೆಯ ಮೇಲೆ ಎಳೆದುಕೊಂಡರು. ನಾನೂ ಚಪ್ಪಲಿ ಬಿಟ್ಟೆ.

ಅಷ್ಟರಲ್ಲಿ ಸನ್ಮಾನದ ಹಾರ ಹಿಡಿದು ಕೇಂದ್ರದ ಮುಖ್ಯಸ್ಥರೇ ಹುಡುಕಿಕೊಂಡು ಬಂದರು. ಬೈಯಬೇಕೆಂದೇ ಬಂದಿದ್ದರು. ನಾವು ನಾಲ್ವರು ತಲೆ ತಗ್ಗಿಸಿದ್ದನ್ನು, ಇಮಾಮಸಾಬನ ಬಿಚ್ಚಿದ ಅಂಗೈಗಳನ್ನು ನೋಡಿ ಅಲ್ಲೇ ನಿಂತರು. ಗಡಿಬಿಡಿಯಲ್ಲಿ ಬೂಟು ಕಳಚಿದರು. ಸರ್ ಅವರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಯಾರ್ರೀ? ಯಾರು ತೀರಿಕೊಂಡ್ರು?"

"ನಮ್ಮವರ್ರೀ ಸರ್," ಎಂದರು ನಮ್ಮ ಸರ್. "ಭಾಳ ಮಂದಿ."

ಮುಖ್ಯಸ್ಥರು ಹಾರವನ್ನು ಬದುವಿನ ಮೇಲೆ ಇಟ್ಟು ಕೈ ಮುಗಿದು ನಿಂತರು.